“ಏಷ್ಯಾದವರಿಗೆ ಬ್ಯಾಸ್ಕೆಟ್‌ಬಾಲ್ ಏಕೆ ಒಗ್ಗುವುದಿಲ್ಲ?” ಎಂದು ಕೇಳುವವರಿಗೆ

ಮೈಸೂರಿನಲ್ಲಿ ಸಂಜೆ ಹೊತ್ತು ಮಕ್ಕಳಿಗೆ ಬ್ಯಾಸ್ಕೆಟ್‌ಬಾಲ್ ಹೇಳಿಕೊಡುವವನಿಗೆ ಒಂದು ಪ್ರಶ್ನೆ ಎಂದೂ ತಪ್ಪುವುದಿಲ್ಲ. ಮಗನನ್ನು ಕರೆದೊಯ್ಯಲು ಬಂದ ಅಪ್ಪಂದಿರು ಕೇಳುತ್ತಾರೆ, ಮದುವೆ ಮನೆಯ ಪಂಕ್ತಿಯಲ್ಲಿ ಪಕ್ಕಕ್ಕೆ ಕುಳಿತವರೂ ಕೇಳುತ್ತಾರೆ: “ಅಲ್ಲ ಮೇಷ್ಟ್ರೇ, ಆ ಅಮೆರಿಕದ ಲೀಗ್ ಎನ್‌ಬಿಎಯಲ್ಲಿ ನಮ್ಮವರು, ಚೀನಾದವರು, ಜಪಾನಿನವರು ಕಾಣಿಸುವುದೇ ಅಪರೂಪವಲ್ಲ? ಎತ್ತರ ಸಾಲದು, ಅಲ್ಲವೇ?” ಉತ್ತರವನ್ನೂ ಅವರೇ ಕೊಟ್ಟುಬಿಡುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಹೋಳಿಗೆ ಬಂದಿರುತ್ತದೆ. ಆದ್ದರಿಂದ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಎತ್ತರದ ಮಾತನ್ನು ಮೊದಲು ಮುಗಿಸೋಣ. ಈ ಆಟಕ್ಕೆ ಎತ್ತರ ಬೇಕು, ಸುಳ್ಳಲ್ಲ. ಆದರೆ ಜಗತ್ತಿನ ಅರ್ಧಕ್ಕಿಂತ ಹೆಚ್ಚು ಜನ ಇರುವ ಖಂಡದಲ್ಲಿ ಎತ್ತರದವರಿಗೇನು ಬರ? ತಂಡಗಳು ಸರದಿಯಂತೆ ಹೊಸ ಆಟಗಾರರನ್ನು ಆರಿಸಿಕೊಳ್ಳುವ 2002ರ ಎನ್‌ಬಿಎ ಡ್ರಾಫ್ಟ್‌ನಲ್ಲಿ ಎಲ್ಲರಿಗಿಂತ ಮೊದಲು ಆಯ್ಕೆಯಾದವರು ಶಾಂಘೈನ ಯಾವ್ ಮಿಂಗ್, 7 ಅಡಿ 6 ಅಂಗುಲ. ಇನ್ನು ಫಿಲಿಪ್ಪೀನ್ಸ್ ನೋಡಿ. ನಮಗೆ ಕ್ರಿಕೆಟ್ ಇದ್ದ ಹಾಗೆ ಅವರಿಗೆ ಬ್ಯಾಸ್ಕೆಟ್‌ಬಾಲ್. ಎತ್ತರದಲ್ಲಿ ನಮಗಿಂತ ಹೆಚ್ಚೇನೂ ಇಲ್ಲದ ಆ ಜನ 1954ರಲ್ಲಿ ರಿಯೊ ಡಿ ಜನೈರೊದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಕಂಚು ಗೆದ್ದರು. ಪುರುಷರ ವಿಭಾಗದಲ್ಲಿ ಏಷ್ಯಾದ ಬೇರೆ ಯಾವ ತಂಡವೂ ಇಂದಿಗೂ ಅಷ್ಟು ಮೇಲೆ ಹೋಗಿಲ್ಲ. ಒಳ್ಳೆಯ ಅಂಕಣ, ಒಳ್ಳೆಯ ತರಬೇತಿ, ವರ್ಷವಿಡೀ ನಡೆಯುವ ಲೀಗ್, ಇವೆಲ್ಲ ಬೇಕು ಎಂಬುದು ಹೇಳದೆಯೂ ತಿಳಿಯುವ ಮಾತು. ನನ್ನ ತಕರಾರು ಬೇರೆ. ಏಷ್ಯಾದವರು ಕಾಣಿಸುವುದಿಲ್ಲ ಎನ್ನುತ್ತೀರಲ್ಲ, ಕಾಣಿಸಿಕೊಂಡಾಗ ಅವರನ್ನು ಯಾರು ಯಾವ ಕಣ್ಣಿನಿಂದ ನೋಡಿದರು?

ಯಾವ್ ಮಿಂಗ್ ಕಥೆಯನ್ನೇ ತೆಗೆದುಕೊಳ್ಳಿ. ಹ್ಯೂಸ್ಟನ್ ರಾಕೆಟ್ಸ್ ಪರ ಆಡಿದ ಮೊದಲ ಪಂದ್ಯದಲ್ಲಿ ಅವರಿಗೆ ಒಂದು ಅಂಕವೂ ಬರಲಿಲ್ಲ. ಟಿವಿಯಲ್ಲಿ ಕುಳಿತಿದ್ದ ಹಳೆಯ ತಾರೆ ಚಾರ್ಲ್ಸ್ ಬಾರ್ಕ್ಲಿ, ಈತ ಒಂದೇ ಪಂದ್ಯದಲ್ಲಿ 19 ಅಂಕ ಗಳಿಸಲಿ ನೋಡೋಣ ಎಂದು ಬಾಜಿ ಕಟ್ಟಿದರು. ಕೆಲವೇ ದಿನಗಳಲ್ಲಿ ಯಾವ್ ಲೇಕರ್ಸ್ ವಿರುದ್ಧ 20 ಗಳಿಸಿದರು. ಬಾಜಿ ಸೋತ ಬಾರ್ಕ್ಲಿ ಕ್ಯಾಮೆರಾ ಮುಂದೆ ಕತ್ತೆಯ ಹಿಂಭಾಗಕ್ಕೆ ಮುತ್ತು ಕೊಡಬೇಕಾಯಿತು. ಇದು ತಮಾಷೆ, ನಕ್ಕುಬಿಡಬಹುದು. ಆದರೆ ಅದೇ ಡಿಸೆಂಬರ್‌ನಲ್ಲಿ ಯಾವ್ ಮೊದಲ ಬಾರಿ ಮಯಾಮಿಗೆ ಆಡಲು ಹೋದಾಗ, ಅಲ್ಲಿನ ಕ್ರೀಡಾಂಗಣದವರು ಬಂದವರಿಗೆಲ್ಲ ಚೀನೀ ಹೋಟೆಲುಗಳಲ್ಲಿ ಕೊಡುವ ಭವಿಷ್ಯದ ಚೀಟಿಯ ಬಿಸ್ಕತ್ತು ಹಂಚಿದರು. ಬುಟ್ಟಿಯ ಬಳಿ ಆಡುವ ದೈತ್ಯ ಸೆಂಟರ್ ಶಾಕೀಲ್ ಒ'ನೀಲ್ (ಎಲ್ಲರ ಬಾಯಲ್ಲಿ ಶಾಕ್) ಚೀನೀ ಭಾಷೆಯನ್ನು ಅಣಕಿಸಿ ಮಾತನಾಡಿದ್ದು ಮುಂದೆ ದೊಡ್ಡ ಸುದ್ದಿಯಾಯಿತು. ಅವರು ಕ್ಷಮೆ ಕೇಳಿದರು. ಯಾವ್ ಸಿಟ್ಟಾಗಲಿಲ್ಲ. ಚೀನೀ ಕಷ್ಟದ ಭಾಷೆ, ಚಿಕ್ಕಂದಿನಲ್ಲಿ ನನಗೂ ಕಷ್ಟವಾಗಿತ್ತು ಎಂಬ ಧಾಟಿಯಲ್ಲಿ ಉತ್ತರಿಸಿ ಮುಗಿಸಿದರು. 2003ರ ಜನವರಿಯಲ್ಲಿ ಇಬ್ಬರೂ ಮೊದಲ ಬಾರಿ ಎದುರಾದಾಗ ಶಾಕ್ ಎಸೆತಗಳನ್ನು ಯಾವ್ ಆರಂಭದಲ್ಲೇ ತಡೆದರು, ಪಂದ್ಯವನ್ನು ಹ್ಯೂಸ್ಟನ್ ಗೆದ್ದಿತು. 2016ರಲ್ಲಿ ಇಬ್ಬರೂ ಒಂದೇ ಸಮಾರಂಭದಲ್ಲಿ ಆಟದ ದಿಗ್ಗಜರ ಗೌರವ ಪಟ್ಟಿಯಾದ ಹಾಲ್ ಆಫ್ ಫೇಮ್ ಸೇರಿದರು.

ನನ್ನನ್ನು ಹೆಚ್ಚು ಕಾಡುವುದು ಅಣಕವಲ್ಲ, ಹೊಗಳಿಕೆ. ಯಾವ್ ಎಂದ ಕೂಡಲೇ ಎಲ್ಲರೂ ಎತ್ತರ ಹೇಳುತ್ತಾರೆ. ಫ್ರೀ ಥ್ರೋಗಳಲ್ಲಿ, ಅಂದರೆ ಫೌಲ್ ಆದಾಗ ಸಿಗುವ, ಯಾರೂ ಅಡ್ಡ ಬರದ ಎಸೆತಗಳಲ್ಲಿ, ಅವರ ವೃತ್ತಿಜೀವನದ ಯಶಸ್ಸು ಶೇ. 83, ಶಾಕ್ ಅವರದು ಶೇ. 53ರ ಆಸುಪಾಸು ಎಂಬುದನ್ನು ಯಾರೂ ಹೇಳುವುದಿಲ್ಲ. ಅಷ್ಟು ಎತ್ತರದ ಮನುಷ್ಯನ ಮಣಿಕಟ್ಟು ಅಷ್ಟು ನಯವಾಗಿರುವುದು ಎತ್ತರಕ್ಕಿಂತ ದೊಡ್ಡ ಅಚ್ಚರಿ. ಎತ್ತರ ಹುಟ್ಟಿನಿಂದ ಬಂದದ್ದು, ಆ ಕೈ ಬಂದದ್ದು ಅಭ್ಯಾಸದಿಂದ.

ಅಭಿಮಾನಿಗಳೂ ಕಡಿಮೆಯೇನಲ್ಲ. ಅಭಿಮಾನಿಗಳ ಮತದಿಂದ ತಾರೆಯರನ್ನು ಆರಿಸುವ ಆಲ್ ಸ್ಟಾರ್ ಪಂದ್ಯದ ಮತಪತ್ರ ಚೀನೀ ಭಾಷೆಯಲ್ಲೂ ಬಂದದ್ದೇ ತಡ, ಮೊದಲ ವರ್ಷವೇ ಯಾವ್ ಅವರಿಗೆ ಶಾಕ್‌ಗಿಂತ ಹೆಚ್ಚು ಮತ ಬಿದ್ದವು. 2011ರಲ್ಲಿ ಕಾಲಿನ ಗಾಯದಿಂದ ಆ ಋತುವಿನಲ್ಲಿ ಬರೀ 5 ಪಂದ್ಯ ಆಡಿದ್ದರೂ ಮತ ಹಾಕಿ ಗೆಲ್ಲಿಸಿದರು. ಪ್ರೀತಿಯೇ ಹೌದು. ಆದರೆ ಅವರ ನಿಜವಾದ ಒಳ್ಳೆಯ ವರ್ಷಗಳನ್ನೂ “ಮತದಿಂದ ಬಂದವನು” ಎಂದು ತಳ್ಳಿಹಾಕಲು ಬೇರೆಯವರಿಗೆ ಅದು ನೆಪವಾಯಿತು.

ಎತ್ತರವಿದ್ದವನ ಪಾಡು ಹೀಗಾದರೆ, ಸಾಧಾರಣ ಮೈಕಟ್ಟಿನ ಜೆರೆಮಿ ಲಿನ್ ಪಾಡು ಇನ್ನೊಂದು. ಕ್ಯಾಲಿಫೋರ್ನಿಯಾದಲ್ಲಿ ಹುಟ್ಟಿ ಬೆಳೆದ, ತೈವಾನ್ ಮೂಲದ ಹುಡುಗ. 2006ರಲ್ಲಿ ತನ್ನ ಶಾಲೆಗೆ ರಾಜ್ಯ ಪ್ರಶಸ್ತಿ ಗೆದ್ದುಕೊಟ್ಟರೂ ದೊಡ್ಡ ಕಾಲೇಜುಗಳಾವುವೂ ವಿದ್ಯಾರ್ಥಿವೇತನ ಕೊಡಲಿಲ್ಲ. ಹಾರ್ವರ್ಡ್‌ನಲ್ಲಿ ಓದಿದರು. 2010ರ ಡ್ರಾಫ್ಟ್‌ನಲ್ಲಿ ಯಾರೂ ಆರಿಸಲಿಲ್ಲ. ಆ ವರ್ಷ ಮೊದಲು ಆಯ್ಕೆಯಾದ ಜಾನ್ ವಾಲ್ ಮತ್ತು ತಾನು, ಇಬ್ಬರೂ ಓಟದ ಪರೀಕ್ಷೆಯಲ್ಲಿ ಎಲ್ಲರಿಗಿಂತ ಚುರುಕಾಗಿದ್ದೆವು ಎಂದು ಲಿನ್ ನಂತರ ಹೇಳಿದ್ದಾರೆ. ಗಡಿಯಾರಕ್ಕೆ ಕಂಡದ್ದು ಆಯ್ಕೆದಾರರ ಕಣ್ಣಿಗೆ ಕಾಣಲಿಲ್ಲ. ಎರಡು ತಂಡಗಳು ಕೈಬಿಟ್ಟ ಮೇಲೆ, 2012ರ ಫೆಬ್ರುವರಿಯಲ್ಲಿ ನ್ಯೂಯಾರ್ಕ್ ನಿಕ್ಸ್ ತಂಡಕ್ಕೆ ಬೇರೆ ಗತಿಯಿಲ್ಲದೆ ಅವರನ್ನು ಆಡಿಸಿದಾಗ ತಂಡ ಸಾಲಾಗಿ 7 ಪಂದ್ಯ ಗೆದ್ದಿತು. ಕೋಬಿ ಬ್ರಯಂಟ್ ಇದ್ದ ಲೇಕರ್ಸ್ ಎದುರು ಲಿನ್ ಅವರದು 38 ಅಂಕ. ಎರಡು ವಾರ ಜಗತ್ತೇ ಹುಚ್ಚಾಯಿತು. ತಂಡ ಸೋತ ದಿನವೇ ಇಎಸ್‌ಪಿಎನ್ ಜಾಲತಾಣದಲ್ಲಿ ಚೀನೀಯರನ್ನು ಹೀಯಾಳಿಸುವ ಪದವಿದ್ದ ಶೀರ್ಷಿಕೆ ಬಂತು. ಅದನ್ನು ಬರೆದ ಸಂಪಾದಕರು ಕೆಲಸ ಕಳೆದುಕೊಂಡರು. ಮೆಚ್ಚಿದವರಾದರೂ ಏನೆಂದರು? ಬುದ್ಧಿವಂತ, ವಿನಯವಂತ, ಕಷ್ಟಜೀವಿ. ಪರೀಕ್ಷೆಯ ಫಲಿತಾಂಶ ಬಂದ ದಿನ ನೆರೆಮನೆಯ ಹುಡುಗನಿಗೆ ಹೇಳುವ ಮಾತುಗಳು! ಎದುರಾಳಿಯನ್ನು ಸೀಳಿಕೊಂಡು ಬುಟ್ಟಿಗೆ ನುಗ್ಗುವ ಅವರ ಮೊದಲ ಹೆಜ್ಜೆಯ ವೇಗದ ಬಗ್ಗೆ ಮಾತು ಕಡಿಮೆ. 2016ರಲ್ಲಿ, ಲಿನ್ ಮೇಲೆ ಬಿದ್ದ ಒರಟು ಹೊಡೆತಗಳಿಗೆ ರೆಫರಿಗಳು ತಕ್ಕ ಶಿಕ್ಷೆ ಕೊಡುತ್ತಿಲ್ಲ ಎಂದು ತೋರಿಸಲು ಅಭಿಮಾನಿಯೊಬ್ಬರು ವಿಡಿಯೊ ತುಣುಕುಗಳನ್ನು ಜೋಡಿಸಿ ಹರಿಯಬಿಟ್ಟರು. ಪಕ್ಷಪಾತವಿಲ್ಲ ಎಂದು ಎನ್‌ಬಿಎ ಉತ್ತರಿಸಿತು. ಆ ತುಣುಕುಗಳನ್ನು ನೋಡಿದ ಮೇಲೆ ನನಗೆ ಆ ಉತ್ತರ ಒಪ್ಪಿಗೆಯಾಗಲಿಲ್ಲ.

ಅಂದರೆ ಏಷ್ಯಾದ ಆಟಗಾರನಿಗೆ ಎರಡೇ ಕುರ್ಚಿ: ಒಂದೋ ವಿಚಿತ್ರ ಜೀವಿ, ಇಲ್ಲವೇ ಶ್ರಮಜೀವಿ. ಸುಮ್ಮನೆ ಒಬ್ಬ ಆಟಗಾರನಾಗಿ ಕೂರಲು ಜಾಗವಿಲ್ಲ.

ಅಮೆರಿಕದವರನ್ನು ಬೈದು ಕೈತೊಳೆದುಕೊಳ್ಳೋಣವೆಂದರೆ ನಮ್ಮ ಮನೆಯದೂ ಅದೇ ಕಥೆ. 2015ರಲ್ಲಿ ಪಂಜಾಬಿನ ಬಲ್ಲೋಕೆ ಹಳ್ಳಿಯ ಸತ್ನಾಂ ಸಿಂಗ್ ಅವರನ್ನು ಡಲ್ಲಾಸ್ ಮ್ಯಾವರಿಕ್ಸ್ 52ನೇ ಆಯ್ಕೆಯಾಗಿ ತೆಗೆದುಕೊಂಡಿತು. ಭಾರತದಲ್ಲಿ ಹುಟ್ಟಿದವರಲ್ಲಿ ಅವರೇ ಮೊದಲಿಗರು. ನಮ್ಮ ಸುದ್ದಿಗಳಲ್ಲಿ ಎತ್ತರವಿತ್ತು, ಹಳ್ಳಿಯಿತ್ತು, ಆಟ ಹುಡುಕಿದರೂ ಸಿಗುತ್ತಿರಲಿಲ್ಲ. ಎನ್‌ಬಿಎಯಲ್ಲಿ ಒಂದು ಪಂದ್ಯವೂ ಸಿಗದೆ ಮುಂದೆ ಅವರು ವೃತ್ತಿಪರ ಕುಸ್ತಿಯ ಕಡೆ ಹೋದಾಗ ಸುದ್ದಿಯೂ ತೆಳುವಾಯಿತು. 2017ರಲ್ಲಿ ನಮ್ಮ ಬೆಂಗಳೂರಿನ ಕಂಠೀರವ ಒಳಾಂಗಣದಲ್ಲೇ ಮಹಿಳೆಯರ ಏಷ್ಯಾ ಕಪ್ ನಡೆದು, ಭಾರತದ ಹುಡುಗಿಯರು ಕಜಕಸ್ತಾನವನ್ನು ಸೋಲಿಸಿ ಬಿ ವಿಭಾಗ ಗೆದ್ದರು. ಎತ್ತರದ ಬಗ್ಗೆ ನನ್ನನ್ನು ವಿಚಾರಿಸುವವರಲ್ಲಿ ಆ ಗೆಲುವು ಗೊತ್ತಿರುವ ಒಬ್ಬರೂ ನನಗೆ ಸಿಕ್ಕಿಲ್ಲ.

ಜಪಾನಿನ ರುಯಿ ಹಚಿಮುರಾ ವಿಷಯ ಇನ್ನೂ ತೊಡಕಿನದು. ತಾಯಿ ಜಪಾನಿ, ತಂದೆ ಆಫ್ರಿಕಾದ ಬೆನಿನ್ ದೇಶದವರು. 2019ರಲ್ಲಿ 9ನೇ ಆಯ್ಕೆಯಾಗಿ ಎನ್‌ಬಿಎ ಸೇರಿದ ಈತನಿಗೂ ಆತನ ತಮ್ಮನಿಗೂ ಬಣ್ಣದ ಬಗ್ಗೆ ನಿಂದನೆಯ ಸಂದೇಶಗಳು ಬರುತ್ತಿದ್ದುದನ್ನು ಅವರೇ 2021ರಲ್ಲಿ ಬಹಿರಂಗಪಡಿಸಿದರು. ಅತ್ತ ಅಮೆರಿಕದಲ್ಲಿ ಏಷ್ಯಾದವನು, ಇತ್ತ ತನ್ನ ನಾಡಿನಲ್ಲೇ ಕೆಲವರಿಗೆ ಹೊರಗಿನವನು. ಆದರೂ ಇಂದು ಅವರ ಬಗ್ಗೆ ಅಭಿಮಾನಿಗಳ ಜಗಳ ಕೇಳಿದರೆ ನನಗೆ ಖುಷಿ. ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡು ಹಿಡಿಯುವುದು) ಸಾಲದು, ಡಿಫೆನ್ಸ್‌ನಲ್ಲಿ ನಿದ್ದೆ, ಮೂಲೆಯಿಂದ ಮೂರಂಕ ಚೆನ್ನ. ಎಲ್ಲ ಆಟಗಾರರೂ ತಿನ್ನುವ ಬೈಗುಳ ಅದು.

2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಫ್ರಾನ್ಸ್ ವಿರುದ್ಧ ಹಚಿಮುರಾ ಹೊರಹೋಗಬೇಕಾಗಿ ಬಂದಾಗ ಜಪಾನಿನ ಹೊರೆ ಹೊತ್ತವರು 172 ಸೆಂಟಿಮೀಟರ್ ಎತ್ತರದ ಯುಕಿ ಕವಾಮುರಾ. 29 ಅಂಕ. ಕೊನೆಯ ಕ್ಷಣಗಳಲ್ಲಿ ಅವರ ವಿರುದ್ಧ ಕೊಟ್ಟ ವಿವಾದದ ಫೌಲ್ ಒಂದು ಇಲ್ಲದಿದ್ದರೆ ಪಂದ್ಯ ಜಪಾನಿನದೇ ಆಗಬಹುದಿತ್ತು. ಹೆಚ್ಚುವರಿ ಸಮಯದಲ್ಲಿ 94-90ರಿಂದ ಸೋತರು. 172 ಸೆಂಟಿಮೀಟರ್ ಎಂದರೆ ನಮ್ಮ ಅಗ್ರಹಾರದ ಬಸ್ ನಿಲ್ದಾಣದಲ್ಲಿ ನಿಂತರೆ ಯಾರೂ ತಿರುಗಿ ನೋಡದ ಎತ್ತರ.

ಮೈಸೂರಿನವರಿಗೆ ಇದು ಹೊಸದಾಗಬಾರದು. ಭಾರತದಲ್ಲಿ ಸ್ಪಿನ್ನರುಗಳು ಹುಟ್ಟುತ್ತಾರೆ, ವೇಗದ ಬೌಲರುಗಳು ಹುಟ್ಟುವುದಿಲ್ಲ, ಅನ್ನ ತಿನ್ನುವ ಮೈಗೆ ಅದು ಆಗದು ಎಂದು ದೊಡ್ಡವರೇ ಹೇಳುತ್ತಿದ್ದ ಕಾಲವಿತ್ತು. ಇದೇ ಊರಿನಲ್ಲಿ ಎಂಜಿನಿಯರಿಂಗ್ ಓದಿದ ಜಾವಗಲ್ ಶ್ರೀನಾಥ್ 236 ಟೆಸ್ಟ್ ವಿಕೆಟ್, 315 ಏಕದಿನ ವಿಕೆಟ್ ತೆಗೆದರು. ಆಮೇಲೆ ಅನ್ನದ ಮಾತು ಎತ್ತಿದವರನ್ನು ನಾನು ಕಂಡಿಲ್ಲ.

ಇನ್ನೊಂದು ಉಪಪ್ರಶ್ನೆ ಅಮ್ಮಂದಿರದು: “ಬ್ಯಾಸ್ಕೆಟ್‌ಬಾಲ್ ಆಡಿದರೆ ಮಗ ಉದ್ದ ಬೆಳೆಯುತ್ತಾನಂತೆ, ಹೌದಾ ಸರ್?” ಇಲ್ಲ ತಾಯಿ. ಯಾವ್ ಮಿಂಗ್ ಅವರ ಅಪ್ಪ ಅಮ್ಮ ಇಬ್ಬರೂ ಎತ್ತರದ ಬ್ಯಾಸ್ಕೆಟ್‌ಬಾಲ್ ಆಟಗಾರರು, ತಾಯಿ ಚೀನಾ ತಂಡದ ನಾಯಕಿಯಾಗಿದ್ದವರು. ನಿಮ್ಮ ಮಗನ ಎತ್ತರದ ಲೆಕ್ಕವನ್ನು ಮನೆಯ ಕನ್ನಡಿಯ ಮುಂದೆ ನೀವು ಮತ್ತು ಯಜಮಾನರು ನಿಂತು ಮಾಡಿಕೊಳ್ಳಿ. ಎಡಗೈಯಲ್ಲಿ ಡ್ರಿಬಲ್ ಮಾಡುವುದನ್ನು ನಾನು ಕಲಿಸುತ್ತೇನೆ. ಶೂ ಮಾತ್ರ ಕಾಲಿಗೆ ಸರಿಹೊಂದುವಂಥದ್ದು ಕೊಡಿಸಿ, ಮುಂದಿನ ವರ್ಷಕ್ಕೂ ಆಗಲಿ ಎಂದು ದೊಡ್ಡದು ಬೇಡ.