ಟೀಚರ್, ನಮ್ಮಮ್ಮ ಏನು ಬಿತ್ತಿದ್ರು?

ಸಂಡೇ ಸ್ಕೂಲಿನಲ್ಲಿ ಏಳರಿಂದ ಒಂಬತ್ತು ವರ್ಷದ ಮಕ್ಕಳ ತರಗತಿ ನನ್ನದು. ಬಿತ್ತುವುದು, ಕೊಯ್ಯುವುದು ಅನ್ನುವ ಪಾಠವನ್ನು ಎಷ್ಟೋ ಸಲ ಮಾಡಿದ್ದೇನೆ. ಬೈಬಲಿನಲ್ಲಿ ಅಪೊಸ್ತಲ ಪೌಲನು ಗಲಾತ್ಯದ ಸಭೆಗಳಿಗೆ ಬರೆದ ಪತ್ರ, 6ನೇ ಅಧ್ಯಾಯ, 7ನೇ ವಚನ. ಮನುಷ್ಯ ಏನು ಬಿತ್ತುತ್ತಾನೋ ಅದನ್ನೇ ಕೊಯ್ಯುತ್ತಾನೆ. ಕೈಯಲ್ಲಿ ನಾಲ್ಕು ಬೀಜ ಇದ್ದರೆ ಪಾಠ ಅರ್ಧ ಮುಗಿದ ಹಾಗೇ ಅಂತ ಅಂದುಕೊಂಡಿದ್ದೆ.

ಈ ಸಲ ಬೀನ್ಸ್ ಮತ್ತು ಮೂಲಂಗಿ ಬೀಜ ತಂದಿದ್ದೆ. ಬೀನ್ಸ್ ಬೀಜವನ್ನು ಹಿಂದಿನ ರಾತ್ರಿಯೇ ನೆನೆಹಾಕಿದ್ದೆ. ಒಂದರ ಸಿಪ್ಪೆಯನ್ನು ಉಗುರಿನಿಂದ ಬಿಡಿಸಿ, ಎರಡು ಹೋಳು ಮಾಡಿ ತೋರಿಸಿದೆ. ಒಳಗೆ ಮಡಚಿಕೊಂಡ ಎರಡು ಪುಟ್ಟ ಎಲೆ. ಅದರ ಪಕ್ಕ ಬೇರಿನ ಮೊನೆ. ಮಕ್ಕಳು ತಲೆಗೆ ತಲೆ ತಾಗಿಸಿ ಬಗ್ಗಿ ನೋಡಿದರು. ಒಬ್ಬ ಹುಡುಗ, "ಗಿಡ ಆಗಲೇ ಒಳಗಿದೆ! ಇನ್ನು ಇದು ಮೂಲಂಗಿ ಆಗೋಕೆ ಆಗಲ್ಲ ಅಲ್ವಾ?" ಅಂದ. ನಾನು ಹೇಳಬೇಕಾಗಿದ್ದನ್ನು ಅವನೇ ಹೇಳಿಬಿಟ್ಟ.

ಆಮೇಲೆ ನಾನು ಪಾಠ ಮುಂದುವರಿಸಿದೆ. ಸುಳ್ಳು ಬಿತ್ತಿದರೆ ಏನು ಬೆಳೆಯುತ್ತೆ? ದಯೆ ಬಿತ್ತಿದರೆ? ಉತ್ತರಗಳು ಪಟಪಟ ಬಂದವು. ಒಬ್ಬೊಬ್ಬರಿಗೂ ಒಂದು ಲೋಟದಲ್ಲಿ ಮಣ್ಣು ಹಾಕಿ ಬೀನ್ಸ್ ಬೀಜ ಊರಿಸಿದೆ. ಮೂಲಂಗಿಯನ್ನು ಎಲ್ಲರಿಗೂ ಸೇರಿಸಿ ಒಂದೇ ದೊಡ್ಡ ತಟ್ಟೆಯಲ್ಲಿ ಬಿತ್ತಿದೆವು.

ಎಲ್ಲರೂ ಹೋದ ಮೇಲೆ ನೆಲದ ಮೇಲಿನ ಮಣ್ಣು ಗುಡಿಸುತ್ತಿದ್ದೆ. ಒಬ್ಬಳು ಹುಡುಗಿ ಲೋಟ ಹಿಡಿದುಕೊಂಡು ಬಾಗಿಲಲ್ಲೇ ನಿಂತಿದ್ದಳು. ಅವಳ ಅಮ್ಮ ತಿಂಗಳುಗಳಿಂದ ಹಾಸಿಗೆ ಹಿಡಿದಿದ್ದಾರೆ.

"ಟೀಚರ್, ನಮ್ಮಮ್ಮ ಏನು ಬಿತ್ತಿದ್ರು?"

ಪೊರಕೆ ಬಿಟ್ಟು ಅವಳ ಹತ್ತಿರ ಕೂತೆ. ಕಾಯಿಲೆ ಅಮ್ಮ ಬಿತ್ತಿದ್ದಲ್ಲ ಮರಿ, ಖಂಡಿತ ಅಲ್ಲ ಅಂದೆ. ಅವಳು ತಲೆ ಆಡಿಸಿದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ. ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಇಷ್ಟು ವರ್ಷದಲ್ಲಿ ಬಾಯಿಬಿಟ್ಟು ಕೇಳದೇ ಹೋದ ಮಕ್ಕಳು ಎಷ್ಟು ಜನ ಇದ್ದರೋ ಅಂತ ಯೋಚನೆ ಬಂತು.

ಎಲ್ಲಿ ತಪ್ಪಿದೆ ಅಂತ ಈಗ ಗೊತ್ತಾಗಿದೆ. ಆ ವಚನ ಬೀಜ ಕೈಯಲ್ಲಿ ಹಿಡಿದು ನಿಂತವನಿಗೆ ಹೇಳಿದ್ದು. ನೀನು ಈಗ ಏನು ಬಿತ್ತುತ್ತಿದ್ದೀಯ ನೋಡಿಕೋ ಅಂತ. ನಾವು ಅದನ್ನು ತಿರುಗಿಸಿಬಿಡುತ್ತೇವೆ. ಇನ್ನೊಬ್ಬರ ಹೊಲದಲ್ಲಿ ಬೆಳೆ ಹಾಳಾಗಿದ್ದು ಕಂಡ ಕೂಡಲೇ "ಮಾಡಿದ್ದುಣ್ಣೋ ಮಹರಾಯ" ಅನ್ನುತ್ತೇವೆ. ಬೈಬಲಿನಲ್ಲಿ, ತಪ್ಪಿಲ್ಲದೆ ನರಳಿದ ಯೋಬನ ಗೆಳೆಯ ಎಲೀಫಜ ಮಾಡಿದ್ದೂ ಇದನ್ನೇ. ಮಕ್ಕಳನ್ನು ಕಳೆದುಕೊಂಡು, ಮೈತುಂಬ ಹುಣ್ಣಾಗಿ ಬೂದಿಯಲ್ಲಿ ಕೂತವನ ಮುಂದೆ, ಕೇಡು ಬಿತ್ತಿದವರು ಅದನ್ನೇ ಕೊಯ್ಯುತ್ತಾರೆ ಅಂದ. ಯೋಬನ ಪುಸ್ತಕದ 4ನೇ ಅಧ್ಯಾಯದಲ್ಲಿದೆ. 42ನೇ ಅಧ್ಯಾಯಕ್ಕೆ ಬಂದರೆ, ನೀನೂ ನಿನ್ನ ಇಬ್ಬರು ಗೆಳೆಯರೂ ನನ್ನ ವಿಷಯದಲ್ಲಿ ಸರಿಯಾಗಿ ಮಾತಾಡಲಿಲ್ಲ ಅಂತ ದೇವರು ಎಲೀಫಜನ ಮೇಲೆ ಕೋಪ ಮಾಡಿಕೊಳ್ಳುತ್ತಾರೆ. ಹುಟ್ಟು ಕುರುಡನನ್ನು ನೋಡಿ ಶಿಷ್ಯರು ಕೇಳಿದ್ದೂ ನಮ್ಮ ಹುಡುಗಿಯ ಪ್ರಶ್ನೆಯೇ. ಪಾಪ ಮಾಡಿದ್ದು ಇವನೋ, ಇವನ ತಂದೆತಾಯಿಯೋ? ಇವನೂ ಅಲ್ಲ, ಅವರೂ ಅಲ್ಲ ಅಂದರು ಯೇಸು.

ಇನ್ನೊಂದು ವಿಷಯ. ಗಲಾತ್ಯ 6ರಲ್ಲಿ 7ನೇ ವಚನಕ್ಕಿಂತ ಮುಂಚೆ 2ನೇ ವಚನ ಇದೆ. ಒಬ್ಬರ ಭಾರವನ್ನು ಒಬ್ಬರು ಹೊತ್ತುಕೊಳ್ಳಿ ಅಂತ. ಅದನ್ನು ದಾಟಿ ನಾನು ನೇರವಾಗಿ ಬೀಜಕ್ಕೆ ಹೋಗಿಬಿಟ್ಟಿದ್ದೆ.

ಮುಂದಿನ ಭಾನುವಾರ ಮಕ್ಕಳಿಗೆ ಹೇಳಿದೆ, "ಹೋದ ವಾರ ನಾನು ಅರ್ಧ ಪಾಠ ಮಾತ್ರ ಹೇಳಿಕೊಟ್ಟಿದ್ದೆ. ಅದು ನನ್ನ ತಪ್ಪು." ಮೊದಲು ಕುರುಡನ ಕಥೆ ಹೇಳಿದೆ. ಆ ಹುಡುಗಿ ಕಣ್ಣು ಮಿಟುಕಿಸದೆ ಕೇಳಿದಳು. ಬಿತ್ತುವ ಮಾತು ಸುಳ್ಳು ಅಂತ ನಾನು ಹೇಳಲಿಲ್ಲ, ಹೇಳಲೂಬಾರದು. ತಾನು ಮಾಡುವುದಕ್ಕೆ ಬೆಲೆ ಇದೆ ಅಂತ ಮಗುವಿಗೆ ಗೊತ್ತಿರಲೇಬೇಕು. ಆದರೆ ಅಕ್ಕಪಕ್ಕದವರನ್ನು ಅಳೆಯೋಕೆ ಕೊಟ್ಟ ಕೋಲು ಅದಲ್ಲ. ದೇವರಿಗೆ ಇಷ್ಟು ಕೊಟ್ಟರೆ ಹತ್ತರಷ್ಟು ವಾಪಸ್ ಬರುತ್ತೆ ಅಂತ ಮಕ್ಕಳ ಕಿವಿಗೆ ಹಾಕುವುದನ್ನೂ ನಾನು ಒಪ್ಪಲ್ಲ. ಕೊರಿಂಥದವರಿಗೆ ಬರೆದ ಎರಡನೇ ಪತ್ರದ 9ನೇ ಅಧ್ಯಾಯದಲ್ಲಿ ಪೌಲ ಹೆಚ್ಚಾಗಿ ಬಿತ್ತಿ ಅಂದಿದ್ದು ಕೊರತೆಯಲ್ಲಿದ್ದ ವಿಶ್ವಾಸಿಗಳಿಗೆ ನೆರವು ಕೂಡಿಸುವಾಗ.

ಲೋಟಗಳ ಕಥೆ ಬೇರೆಯೇ ಆಯಿತು. ಒಬ್ಬ ಹುಡುಗ ಮೊಳಕೆ ಬಂತಾ ಅಂತ ದಿನಾ ಮಣ್ಣು ಕೆದಕಿ ನೋಡಿದ್ದ. ಬೀಜ ಕೊಳೆತು ಮೆತ್ತಗಾಗಿತ್ತು. ಅವನಿಗೆ ಅಳು. ಮಾರ್ಕನ ಸುವಾರ್ತೆಯ 4ನೇ ಅಧ್ಯಾಯದಲ್ಲಿ ಯೇಸು ಹೇಳುವ ರೈತನ ಕಥೆ ಹೇಳಿದೆ. ಅವನು ಬಿತ್ತಿ, ರಾತ್ರಿ ಮಲಗುತ್ತಾನೆ, ಬೆಳಿಗ್ಗೆ ಏಳುತ್ತಾನೆ. ಬೀಜ ಬೆಳೆಯುತ್ತದೆ, ಹೇಗೆ ಅಂತ ಅವನಿಗೇ ಗೊತ್ತಿಲ್ಲ. ಹುಡುಗನಿಗೆ ಇನ್ನೊಂದು ಬೀಜ ಕೊಟ್ಟೆ. ಎಂಟನೇ ದಿನಕ್ಕೆ ಬಂತಂತೆ. ಮೊದಲು ಮಣ್ಣು ಬಿರುಕು ಬಿಟ್ಟಿತು. ಬಗ್ಗಿದ ಕುತ್ತಿಗೆ ಕಾಣಿಸಿತು. ಮಾರನೇ ದಿನ ತಲೆ ಎತ್ತಿತು. ಇದನ್ನೆಲ್ಲ ತನ್ನ ಕುತ್ತಿಗೆಯನ್ನೇ ಬಗ್ಗಿಸಿ ಮಾಡಿ ತೋರಿಸಿದ.

ಈ ವಾರ ಬೇರೆ ದೇಶದಿಂದ ಬಂದ ಬಡ ವಿಧವೆ ರೂತಳ ಕಥೆ ಮಾಡಿದೆ. ಹೊಲದ ಅಂಚಿನವರೆಗೂ ಕೊಯ್ಯಬೇಡಿ, ಕೊಯ್ಲಿನಲ್ಲಿ ಬಿದ್ದುಳಿದ ಹಕ್ಕಲು ತೆನೆ ಆರಿಸಬೇಡಿ, ಬಡವರಿಗೂ ಪರದೇಶಿಗಳಿಗೂ ಬಿಡಿ ಅಂತ ಯಾಜಕಕಾಂಡ 19ರಲ್ಲಿ ದೇವರ ಅಪ್ಪಣೆ ಇದೆ. ಅದಕ್ಕೇ ರೂತಳು ಬೋವಜನ ಹೊಲದಲ್ಲಿ ಹಕ್ಕಲಾಯಲು ಹೋದಳು. ಸಂಜೆ ಬಡಿದು ನೋಡಿದರೆ ಏಫ ಅನ್ನುವ ಆ ಕಾಲದ ದೊಡ್ಡ ಅಳತೆಯಲ್ಲಿ ಒಂದು ಏಫದಷ್ಟು ಜವೆಗೋಧಿ.

ಆ ಹುಡುಗಿಯೇ ಕೈ ಎತ್ತಿದಳು. "ಟೀಚರ್, ರೂತಳು ಬಿತ್ತೇ ಇರ್ಲಿಲ್ಲ!"

"ಇಲ್ಲ," ಅಂದೆ.

"ಆದ್ರೂ ಸಿಕ್ತು."

ಮೂಲಂಗಿ ತಟ್ಟೆಯಲ್ಲಿ ಇನ್ನೂ ಗಡ್ಡೆ ಕಟ್ಟಿಲ್ಲ, ಬರೀ ಎಲೆ. ತರಗತಿ ಮುಗಿದ ಮೇಲೆ ನೋಡಿದೆ. ಒಂದು ಅಂಚಿಗೆ ಯಾರೋ ದಾರ ಕಟ್ಟಿ ಐದು ಗಿಡ ಬೇರೆ ಮಾಡಿದ್ದಾರೆ. ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ ಬರೆದ ಚೀಟಿ: ಇದನ್ನು ನಾವು ಕೀಳಲ್ಲ.