ದಂಡ ಕಟ್ಟಲಾಗದವನ ಜೈಲು
ದಂಡವಷ್ಟೇ ಶಿಕ್ಷೆಯಾಗಿರುವ ಅಪರಾಧದಲ್ಲೂ ದುಡ್ಡಿಲ್ಲದವನು ಜೈಲಿಗೇ ಹೋಗುತ್ತಾನೆ. 1860ರ ದಂಡ ಸಂಹಿತೆಯಲ್ಲಿ 50 ರೂಪಾಯಿವರೆಗಿನ ದಂಡ ತಪ್ಪಿದರೆ ಗರಿಷ್ಠ ಎರಡು ತಿಂಗಳ ಸಜೆ ಇತ್ತು. 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನ್ಯಾಯ ಸಂಹಿತೆ ಆ 50ರ ಮಿತಿಯನ್ನು 5,000 ಮಾಡಿದೆ; ಸಜೆ ಅದೇ ಎರಡು ತಿಂಗಳು. ತೀರಾ ತಡವಾಯಿತು, ಬಿಡಿ.

ಹೆಚ್ಚಿನವರು ಕೇಳುವುದನ್ನೇ ಮರೆಯುವುದು ಕಂತು. ಬರೀ ದಂಡ ವಿಧಿಸಿದ್ದರೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ (ಕ್ರಿಮಿನಲ್ ವಿಚಾರಣೆಯ ಕ್ರಮ ಹೇಳುವ ಕಾನೂನು) 464ನೇ ಕಲಮಿನಡಿ ನ್ಯಾಯಾಲಯಕ್ಕೆ ಅರ್ಜಿ ಹಾಕಿ: ಪೂರ್ತಿ ಮೊತ್ತಕ್ಕೆ 30 ದಿನ, ಇಲ್ಲವೇ ಎರಡು-ಮೂರು ಕಂತು. ಮೊದಲನೆಯದು 30 ದಿನದೊಳಗೆ, ಉಳಿದವು 30 ದಿನ ಮೀರದ ಅಂತರದಲ್ಲಿ. ಕಟ್ಟಬೇಕಾದ ದಿನ ನ್ಯಾಯಾಲಯಕ್ಕೆ ಹಾಜರಾಗುತ್ತೇನೆಂದು ಬಾಂಡ್ ಬರೆದುಕೊಡಬೇಕು. ಗಡುವು ತಪ್ಪಿದರೆ ಸಜೆ ಜಾರಿಯಾಗಬಹುದು.

ಒಳಗೆ ಹೋದ ಮೇಲೂ ಅರ್ಧ ದಂಡ ಕಟ್ಟಿದರೆ ಆ ಸಜೆಯೂ ಅರ್ಧಕ್ಕಿಳಿಯುತ್ತದೆ. ಏನೂ ಇಲ್ಲದವರಿಗೆ ಕೇಂದ್ರದ ಬಡ ಕೈದಿಗಳ ನೆರವು ಯೋಜನೆಯಲ್ಲಿ 25,000 ರೂಪಾಯಿವರೆಗೆ ಸಿಗುತ್ತದೆ. ಜೈಲು ಅಧೀಕ್ಷಕರ ಮೂಲಕ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ವಿಷಯ ತಲುಪಿಸಿ.