ಮಲದಲ್ಲಿ ರಕ್ತ ಕಂಡರೆ ಎಲ್ಲವೂ ಮೂಲವ್ಯಾಧಿಯಲ್ಲ

ದಾವಣಗೆರೆಯಲ್ಲಿ ದೊಡ್ಡ ಕರುಳಿನ ಕ್ಯಾನ್ಸರ್ ಮಾತು ಬಂದರೆ ಜನ ಮೊದಲು ಕೇಳುವುದು, "ಮಂಡಕ್ಕಿ ಮೆಣಸಿನಕಾಯಿ ತಿಂದ್ರೆ ಬರುತ್ತಾ?" ಖಾರದಿಂದ ಈ ಕ್ಯಾನ್ಸರ್ ಬರುತ್ತದೆ ಎನ್ನಲು ಗಟ್ಟಿ ಪುರಾವೆಯಿಲ್ಲ. ಬೆಳಿಗ್ಗೆ ಬೆಣ್ಣೆ ದೋಸೆ, ಮಧ್ಯಾಹ್ನ ಅನ್ನ, ಸಂಜೆ ಮಂಡಕ್ಕಿ, ಹೀಗೆ ಮೂರು ಹೊತ್ತೂ ಅಕ್ಕಿಯೇ ಆಗುವುದರ ಬಗ್ಗೆ ಯೋಚಿಸಬೇಕು. 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದೆ, ಜೋಳದಲ್ಲಿ 10. ಬಿಳಿ ಅಕ್ಕಿಯಲ್ಲಿ 3 ಗ್ರಾಂ ಕೂಡ ಇಲ್ಲ. ನಾರು ಮಲವನ್ನು ಬೇಗ ಮುಂದಕ್ಕೆ ಸಾಗಿಸುತ್ತದೆ; ಕರುಳಿನ ಬ್ಯಾಕ್ಟೀರಿಯಾಗಳು ಅದರಿಂದ ತಯಾರಿಸುವ ಬ್ಯುಟಿರೇಟ್ ಒಳಪದರದ ಜೀವಕೋಶಗಳಿಗೆ ಆಹಾರ.

ಆ ಜೀವಕೋಶಗಳು ನಾಲ್ಕೈದು ದಿನಕ್ಕೊಮ್ಮೆ ಉದುರಿ ಹೊಸವು ಹುಟ್ಟುತ್ತವೆ. ಹುಟ್ಟುವಾಗ ವಂಶವಾಹಿಯಲ್ಲಿ ತಪ್ಪುಗಳು ಸೇರುತ್ತಾ ಹೋದರೆ ಪಾಲಿಪ್ ಎಂಬ ಸಣ್ಣ ಗಂಟು ಏಳುತ್ತದೆ. ಬಹುತೇಕ ಪಾಲಿಪ್‌ಗಳು ಹಾಗೇ ಇದ್ದುಬಿಡುತ್ತವೆ. ಕೆಲವು ಮಾತ್ರ, ಸಾಮಾನ್ಯವಾಗಿ ಹತ್ತು ವರ್ಷ ಅಥವಾ ಇನ್ನೂ ಹೆಚ್ಚು ಕಾಲ ತೆಗೆದುಕೊಂಡು, ಕ್ಯಾನ್ಸರ್ ಆಗುತ್ತವೆ. ವಯಸ್ಸಾದಂತೆ ಅಪಾಯ ಏರುವುದು ಇದಕ್ಕೇ. ಬೀಡಿ ಸಿಗರೇಟು, ಹೆಂಡ, ಹೊಟ್ಟೆಯ ಬೊಜ್ಜು, ಕೂತೇ ಮಾಡುವ ಕೆಲಸ, ಸಕ್ಕರೆ ಕಾಯಿಲೆ ಎಲ್ಲವೂ ಅಪಾಯ ಹೆಚ್ಚಿಸುತ್ತವೆ. ಸಾಸೇಜ್‌ನಂಥ ಸಂಸ್ಕರಿಸಿದ ಮಾಂಸವನ್ನು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ವಿಭಾಗ 2015ರಲ್ಲಿ ಕ್ಯಾನ್ಸರ್‌ಕಾರಕ ಎಂದೇ ಘೋಷಿಸಿತು. ಕುರಿ ಮಾಂಸ "ಬಹುಶಃ" ಎಂಬ ಪಟ್ಟಿಯಲ್ಲಿದೆ. ಹಬ್ಬಕ್ಕೊಮ್ಮೆ ತಿನ್ನುವವರು ಹೆದರಬೇಕಿಲ್ಲ.

ಮನೆತನದ ವಿಚಾರವನ್ನು ಮಾತ್ರ ಮುಚ್ಚಿಡಬೇಡಿ. ಅಪ್ಪ, ಅವ್ವ, ಒಡಹುಟ್ಟಿದವರಲ್ಲಿ ಒಬ್ಬರಿಗೆ ಬಂದಿದ್ದರೆ ನಿಮ್ಮ ಅಪಾಯ ಸುಮಾರು ಎರಡು ಪಟ್ಟು. ಅವರಿಗೆ ಎಷ್ಟನೇ ವಯಸ್ಸಿಗೆ ಬಂತು ಎಂದು ಕೇಳಿ ಬರೆದಿಡಿ: 45ಕ್ಕೆ ಬಂದಿದ್ದರೆ ನಿಮ್ಮ ತಪಾಸಣೆ 35ಕ್ಕೇ ಶುರುವಾಗಬೇಕು. ತಡವಾಗಿ ಬಂದಿದ್ದರೂ 40 ದಾಟಿಸಬಾರದು. ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಿನ ಒಳಪದರ ಉರಿತದಿಂದ ಹುಣ್ಣಾಗುವ ದೀರ್ಘ ಕಾಯಿಲೆ) ಶುರುವಾಗಿ ಎಂಟು ವರ್ಷ ಕಳೆದವರಿಗೂ ನಿಯಮಿತ ತಪಾಸಣೆ ಬೇಕು.

ನಮ್ಮ ಕಡೆ ದೊಡ್ಡ ತಪ್ಪು ಆಗುವುದು ರಕ್ತ ಕಂಡಾಗ. "ಉಷ್ಣ ಆಗೈತಿ, ಎಳನೀರು ಕುಡಿ" ಅನ್ನುತ್ತಾರೆ. ಇಲ್ಲವೇ ಪೈಲ್ಸ್ ಬೋರ್ಡ್ ನೋಡಿ ನಾಟಿ ಔಷಧಿಗೆ ಹೋಗುತ್ತಾರೆ. ಮೂಲವ್ಯಾಧಿಯ ರಕ್ತ ಸಾಮಾನ್ಯವಾಗಿ ಕೆಂಪಗೆ, ಮಲದ ಮೇಲೆ ಹನಿಯುತ್ತದೆ. ರಕ್ತ ಮಲದೊಳಗೇ ಬೆರೆತಿದ್ದರೆ, ಲೋಳೆ ಇದ್ದರೆ, ಮಲವಿಸರ್ಜನೆಯ ರೂಢಿ ಮೂರು ವಾರ ಬದಲಾಗಿದ್ದರೆ ಪರೀಕ್ಷೆ ಆಗಲೇಬೇಕು. ಮೂಲವ್ಯಾಧಿ ಇದ್ದವರಿಗೆ ಕ್ಯಾನ್ಸರೂ ಇರಬಹುದು, ಹಾಗಾಗಿ ಬಣ್ಣ ನೋಡಿ ಮನೆಯಲ್ಲೇ ತೀರ್ಮಾನ ಬೇಡ. ಬಲಗಡೆಯ ಕರುಳು ಅಗಲ, ಅಲ್ಲಿ ಮಲ ಇನ್ನೂ ನೀರಾಗಿರುತ್ತದೆ. ಗಡ್ಡೆ ಬೆಳೆದರೂ ಕಟ್ಟಿಕೊಳ್ಳುವುದಿಲ್ಲ, ರಕ್ತ ಕಣ್ಣಿಗೆ ಕಾಣದಂತೆ ಸೋರುತ್ತದೆ. ಐವತ್ತು ದಾಟಿದ ಗಂಡಸಿಗೆ, ಮುಟ್ಟು ನಿಂತ ಹೆಂಗಸಿಗೆ ಕಬ್ಬಿಣಾಂಶದ ಕೊರತೆಯಿಂದ ರಕ್ತಹೀನತೆ ಬಂದರೆ ಬರೀ ಮಾತ್ರೆ ಕೊಟ್ಟು ಕಳಿಸುವುದು ಸರಿಯಲ್ಲ.

ಕೊಲೊನೋಸ್ಕೋಪಿಯಲ್ಲಿ, ಅಂದರೆ ಗುದದ್ವಾರದಿಂದ ಕ್ಯಾಮೆರಾ ಇರುವ ನಳಿಕೆ ಹಾಕಿ ದೊಡ್ಡ ಕರುಳು ನೋಡುವ ಪರೀಕ್ಷೆಯಲ್ಲಿ, ಪಾಲಿಪ್ ಸಿಕ್ಕರೆ ಸಾಮಾನ್ಯವಾಗಿ ಆಗಲೇ ಕತ್ತರಿಸಿ ತೆಗೆಯುತ್ತಾರೆ, ಅದು ಮುಂದೆ ಕ್ಯಾನ್ಸರ್ ಆಗುವ ಮಾತೇ ಇರುವುದಿಲ್ಲ. ಪರೀಕ್ಷೆ ಕೆಡುವುದು ಹೆಚ್ಚಾಗಿ ತಯಾರಿಯಲ್ಲಿ. ಎರಡು ಮೂರು ದಿನ ಮೊದಲೇ ರಾಗಿ, ಸೊಪ್ಪು, ಟೊಮೆಟೊ ಬೀಜ ಬಿಡಬೇಕು. ಭೇದಿಯ ಪುಡಿ ಕರಗಿಸಿದ ನೀರನ್ನು, ಸಾಮಾನ್ಯವಾಗಿ 2 ಲೀಟರ್, ಅರ್ಧ ಹಿಂದಿನ ರಾತ್ರಿ, ಅರ್ಧ ಬೆಳಗಿನ ಜಾವ ಕುಡಿಯಬೇಕು. ಕೊನೆಗೆ ಹೋಗುವುದು ತಿಳಿ ಹಳದಿ ನೀರಾಗಿರಬೇಕು. ಗಸಿ ಉಳಿದರೆ ಕಾಳಿನಷ್ಟಿರುವ ಪಾಲಿಪ್ ಅದರಡಿ ಮರೆಯಾಗುತ್ತದೆ. ಸಕ್ಕರೆ ಮಾತ್ರೆ, ರಕ್ತ ತೆಳು ಮಾಡುವ ಮಾತ್ರೆ ನುಂಗುವವರು ಯಾವುದನ್ನು ಯಾವಾಗ ನಿಲ್ಲಿಸಬೇಕೆಂದು ವೈದ್ಯರನ್ನು ಮೊದಲೇ ಕೇಳಿ.